ಏಳನೇ ಷರತ್ತಿನ ಮೀನು

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ಲಕ್ಷ್ಮಿದೇವಿಯ ಒಂದು ವರ್ಷದ ದುಡಿಮೆ ಕೆರೆಯ ಕೋಡಿ ಹಾರಿ, ಕಾಲುವೆಗುಂಟ ಓಡಿ, ಮಹದೇವಪ್ಪನವರ ಗದ್ದೆಗೆ ಹೋಗಿ ಸೇರಿಕೊಂಡಿತು.

ಅದನ್ನು ಮೊದಲು ಕಂಡವನು ನೀರಗಂಟಿ ಕುಳ್ಳಯ್ಯ. ಕೆರೆಯ ತೂಬು ಎತ್ತುವುದು, ಇಳಿಸುವುದು, ಕೋಡಿ ಕಾಯುವುದು ಅವನ ಕೆಲಸ. ಏರಿಯ ಮೇಲಿಂದ ಲಕ್ಷ್ಮಿದೇವಿಯ ಮನೆಬಾಗಿಲಿಗೆ ಓಡಿಬಂದ ರಭಸಕ್ಕೆ ಒಂದು ಚಪ್ಪಲಿ ದಾರಿಯಲ್ಲೇ ಉಳಿದಿತ್ತು.

"ಜಾಲರಿ ಕಿತ್ಕೊಂಡೋಯ್ತು ಕಣವ್ವಾ! ನಿನ್ ಮೀನೆಲ್ಲಾ ಮೆರವಣಿಗೆ ಒಂಟವೆ!"

ಲಕ್ಷ್ಮಿದೇವಿ ಕೈಲಿದ್ದ ರೊಟ್ಟಿಯನ್ನು ಹೆಂಚಿನ ಮೇಲೇ ಬಿಟ್ಟು ಓಡಿದಳು. ಅವಳ ಹಿಂದೆ ಗಂಡ ನಿಂಗರಾಜು, ಅವನ ಹಿಂದೆ ಒಂದೇ ಚಪ್ಪಲಿಯ ಕುಳ್ಳಯ್ಯ.

ಕಂಪಲಾಪುರದಿಂದ ಒಳಗೆ ಹೋದರೆ ಸಿಗುವ ಕಟ್ಟೆಕೊಪ್ಪಲಿನ ಕೆರೆಯನ್ನು ಲಕ್ಷ್ಮಿದೇವಿ, ಮರಮ್ಮ, ಪ್ರಿಯಾ ಈ ಮೂವರು ಪಂಚಾಯ್ತಿಯಿಂದ ಗುತ್ತಿಗೆಗೆ ಹಿಡಿದಿದ್ದರು. ಲಕ್ಷ್ಮಿದೇವಿಯ ಮನೆಯಲ್ಲಿ ವರ್ಷಕ್ಕೆ ಎರಡೇ ಕಾಲ: ಮರದ ಕಾಲ, ಮೀನಿನ ಕಾಲ. ಮರದ ಕಾಲದಲ್ಲಿ ನಿಂಗರಾಜು ಹುಣಸೂರಿನ ಟಿಂಬರ್ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದ. ಮಳೆ ಹಿಡಿದು ಕಾಡಿನಲ್ಲಿ ಮರ ಕಡಿಯುವುದು ನಿಂತಿತೆಂದರೆ ಅವನು ಮನೆಗೆ ಬಂದು ಕೂರುತ್ತಿದ್ದ. ಅಲ್ಲಿಂದ ಮುಂದೆ ಉಪ್ಪು, ಎಣ್ಣೆ, ಗ್ಯಾಸು ಎಲ್ಲವೂ ಮೀನಿನ ಮೇಲೆ.

ಮೀನೇನೋ ಚೆನ್ನಾಗಿ ಬೆಳೆಯುತ್ತಿತ್ತು. ಬೆಲೆ ಮಾತ್ರ ಅವಳ ಕೈಲಿರಲಿಲ್ಲ. ವ್ಯಾಪಾರಿ ಏರಿಯ ಮೇಲೇ ತಕ್ಕಡಿ ಇಟ್ಟು, ತಾನು ಹೇಳಿದ್ದೇ ದರ ಎಂದು ತುಂಬಿಕೊಂಡು ಹೋಗುತ್ತಿದ್ದ. ಅದೇ ಮೀನಿಗೆ ಕೊಡಗಿನ ಗಡಿಯ ಕೊಪ್ಪದಲ್ಲಿ ಹತ್ತಿರ ಹತ್ತಿರ ಎರಡರಷ್ಟು ಬೆಲೆ. ಅಲ್ಲಿ ಕೊಡಗಿನ ಗಿರಾಕಿಗಳು, ಮಲಯಾಳಿ ಹೋಟೆಲಿನವರು. ಶ್ರಾವಣ ಸೋಮವಾರ ಎಂದರೂ ಮೀನು ಬೇಡ ಎನ್ನುವವರಲ್ಲ. ಲಕ್ಷ್ಮಿದೇವಿಗೂ ಕೊಪ್ಪಕ್ಕೂ ನಡುವೆ ಕೊರತೆ ಒಂದೇ. ಅದು ಕಂಪಲಾಪುರದ ಸುನೀಲ್‌ಕುಮಾರನ ಗ್ಯಾರೇಜಿನಲ್ಲಿ ನಿಂತಿತ್ತು. ಹಳೆಯ ಬೂದು ಬಣ್ಣದ ಟಿವಿಎಸ್, ಹಿಂದೆ ಎರಡು ಕ್ರೇಟು ಕೂರುವಂತೆ ಕಬ್ಬಿಣದ ಚೌಕಟ್ಟು.

"ಸೋಮವಾರ ಸಂಜೆಗಂಟ ಮಡಗಿರ್ತೀನಿ ಅಕ್ಕ. ಆಮೇಲೆ ಬೆಟ್ಟದಪುರದೋರು ತಕಂಡೋಯ್ತಾರೆ," ಎಂದಿದ್ದ ಅವನು.

ಆ ಟಿವಿಎಸ್ ಮೇಲೆ ಕೂತು ಕೊಪ್ಪದ ರಸ್ತೆಯಲ್ಲಿ ಹೋಗುವುದನ್ನು ಅವಳು ಎಷ್ಟು ಸಲ ಮನಸ್ಸಿನಲ್ಲೇ ಓಡಿಸಿ ನೋಡಿದ್ದಳೆಂದರೆ, ಒಮ್ಮೆ ಸೌದೆ ಒಲೆ ಊದುವಾಗ ಬಾಯಲ್ಲಿ ಹಾರ್ನ್ ಸದ್ದು ಬಂದಿತ್ತು. ಈ ಭಾನುವಾರ ವರ್ಷದಲ್ಲಿ ಮೊದಲ ಸಲ ಬಲೆ ಎಳೆಯುವ ದಿನ. ಅದರಲ್ಲಿ ಬಂದ ಪಾಲಿನಿಂದ ನಾಳೆ ಗಾಡಿ ಬಿಡಿಸಿಕೊಳ್ಳುವುದೆಂದು ಲೆಕ್ಕ.

ಅಷ್ಟರಲ್ಲಿ ಕೋಡಿ ಬಿತ್ತು. ಕೋಡಿ ಬಿದ್ದರೂ ಮೀನು ಹೋಗದಂತೆ ಕಬ್ಬಿಣದ ಜಾಲರಿ ಕಟ್ಟಿದ್ದರು. ಆದರೆ ಕೆರೆಯ ಹಿಂಬದಿಯ ಅಕೇಶಿಯಾ ನೆಡುತೋಪಿನಿಂದ ಒಂದು ಒಣಮರ ತೇಲಿಬಂದು ಜಾಲರಿಗೆ ಗುದ್ದಿತ್ತು. ಜಾಲರಿ ಈಗ ಕಾಲುವೆಯಲ್ಲಿ ಹಪ್ಪಳದಂತೆ ಮಡಿಚಿ ಬಿದ್ದಿತ್ತು.

ನಿಂಗರಾಜು ಮರವನ್ನು ತಿರುಗಿಸಿ ನೋಡಿ, "ನನ್ ಕಸುಬು ಬಂದು ನಿನ್ ಕಸುಬಿಗೆ ಗುದ್ದೈತಲ್ಲಮ್ಮಿ," ಎಂದ.

"ಸೈಜ್ ನೋಡ್ತಾ ನಿಂತ್ಕಬ್ಯಾಡಿ. ಕೋಡಿಗೆ ಅಡ್ಡ ಹಾಕಿ!"

ಅವನು ಅದೇ ಮರವನ್ನು ಭುಜಕ್ಕೆ ಕೊಟ್ಟು ಕೋಡಿಗೆ ಅಡ್ಡಲಾಗಿ ಕೂರಿಸಿದ. ಮರಮ್ಮ ಮತ್ತು ಪ್ರಿಯಾ ಬಲೆಯ ತುಂಡುಗಳನ್ನು ಅದಕ್ಕೆ ಕಟ್ಟಿದರು. ಉಳಿದ ಮೀನು ಉಳಿಯಿತು. ಹೋದದ್ದು ಎಲ್ಲಿಗೆ ಹೋಯಿತು ಎಂದು ಲಕ್ಷ್ಮಿದೇವಿ ಕಾಲುವೆ ಹಿಡಿದು ಇಳಿದಳು. ಮಹದೇವಪ್ಪನವರ ಗದ್ದೆಯ ಬದುವಿಗೆ ಬಂದು ನಿಂತವಳ ಬಾಯಿ ತೆರೆದದ್ದು ಮುಚ್ಚಲಿಲ್ಲ.

ನಾಟಿಗೆಂದು ಕೆಸರು ಹೊಡೆದು ಮಟ್ಟ ಮಾಡಿದ್ದ ಎರಡು ಎಕರೆ ಗದ್ದೆ ಪಟಪಟ ಎನ್ನುತ್ತಿತ್ತು. ಎಲ್ಲಿ ನೋಡಿದರಲ್ಲಿ ಬೆಳ್ಳಿ ಹೊಟ್ಟೆ, ಕೆಂಪು ಬಾಲ. ಎರಡೆರಡು ಮೂರು ಮೂರು ಕೆ.ಜಿ.ಯ ಕಾಟ್ಲಾ ಮೀನುಗಳು ಮೊಣಕಾಲುದ್ದದ ಕೆಸರುನೀರಿನಲ್ಲಿ ಕುಣಿಯುತ್ತಿದ್ದವು. ಹೋದ ವಾರವಷ್ಟೇ ಮಹದೇವಪ್ಪ ಕೆಳಬದಿಯ ಬದುವನ್ನು ಎತ್ತರಿಸಿ ಕಟ್ಟಿಸಿದ್ದರು. ಒಂದು ಮೀನೂ ಮುಂದೆ ಹೋಗಿರಲಿಲ್ಲ.

ಗದ್ದೆಯ ಅಂಚಿನಲ್ಲೇ ಅವರ ಮನೆ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ಹೊಸ ರಂಗೋಲಿ. ಹಣೆಯ ತುಂಬ ವಿಭೂತಿ ಧರಿಸಿದ ಮಹದೇವಪ್ಪ ರೇಷ್ಮೆ ಪಂಚೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಮನೆ ಬಿದ್ದವರಂತೆ ಬದುವಿನ ಮೇಲೆ ನಿಂತಿದ್ದರು.

"ಏನವ್ವಾ ಇದು ಲಕ್ಷ್ಮೀ! ಅನ್ನೊಂದು ಗಂಟೆಗೆ ಸರಗೂರಿಂದ ನಮ್ಮ ರೂಪಶ್ರೀನ ನೋಡಕ್ಕೆ ಬತ್ತಾವ್ರೆ. ಇವನ್ನ ಮೊದ್ಲು ಎತ್ಕಂಡೋಗು!"

ಲಕ್ಷ್ಮಿದೇವಿಯ ಕಾಲು ಆಗಲೇ ಎದ್ದಿತ್ತು. ಅದು ಗದ್ದೆಗೆ ಇಳಿಯುವ ಮೊದಲೇ ಹಿಂದಿನಿಂದ ಒಂದು ದನಿ ಬಂತು.

"ಕಾಲಿಡು, ಕಾಲಿಡು. ಇಡಿಯೋ ಮಾಡ್ಕತಾ ಇವ್ನಿ."

ಸಣ್ಣಬೀರಯ್ಯ. ಇವರಿಗಿಂತ ಮೊದಲು ಕೆರೆ ಹಿಡಿದಿದ್ದ ಗುತ್ತಿಗೆದಾರ. ಮೊಬೈಲನ್ನು ಎರಡು ಕೈಯಲ್ಲಿ ಹಿಡಿದು, ಮದುವೆಮನೆಯ ಫೋಟೋದವನಂತೆ ಒಂದು ಕಣ್ಣು ಮುಚ್ಚಿದ್ದ.

ಲಕ್ಷ್ಮಿದೇವಿಯ ಕಾಲು ಗಾಳಿಯಲ್ಲೇ ನಿಂತಿತು. ಗುತ್ತಿಗೆಯ ಏಳನೇ ಷರತ್ತು!

ಆ ಷರತ್ತು ಹಾಕಿಸಿದವರು ಮಹದೇವಪ್ಪನವರೇ. ಮೂರು ವರ್ಷದ ಹಿಂದೆ ಹೀಗೇ ಕೋಡಿ ಬಿದ್ದಾಗ ಸಣ್ಣಬೀರಯ್ಯನ ಆಳುಗಳು "ಬರಬೌದಾ ಯಜಮಾನ್ರೇ?" ಎಂದು ಕೇಳಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದ ಮಹದೇವಪ್ಪ ಆ ಕಡೆಯವರಿಗೆ "ಹೂಂ" ಎಂದಿದ್ದನ್ನೇ ಒಪ್ಪಿಗೆ ಎಂದು ಹಿಡಿದು ಮೂವತ್ತು ಜನ ನಾಟಿ ತುಳಿದು ಹಾಕಿದ್ದರು. ಹೊಸ ಗುತ್ತಿಗೆಯ ದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅವರು ಬರೆಸಿದ್ದು ಹೀಗಿತ್ತು: ಕೋಡಿ ದಾಟಿ ಜಮೀನಿಗೆ ಬಂದ ಮೀನು ಆಯಾ ಜಮೀನುದಾರರದು. ಜಮೀನುದಾರರು ನಾಲ್ಕು ಜನರ ಮುಂದೆ ಬಾಯಿಬಿಟ್ಟು, ಮೀನು ಎಂದು ಹೆಸರು ಹೇಳಿ ಒಪ್ಪಿಗೆ ಕೊಡದ ಹೊರತು ಗುತ್ತಿಗೆದಾರರು ಕಾಲಿಟ್ಟರೆ ಗುತ್ತಿಗೆ ರದ್ದು.

ಹೆಸರು ಹೇಳಿ ಎಂಬುದನ್ನು ಅವರು ಒತ್ತಿ ಸೇರಿಸಿದ್ದಕ್ಕೆ ಕಾರಣವಿತ್ತು. ಅರವತ್ತೆರಡು ವರ್ಷದಲ್ಲಿ ಮಹದೇವಪ್ಪ ಆ ಪದವನ್ನು ಒಮ್ಮೆಯೂ ಬಾಯಲ್ಲಿ ಆಡಿದವರಲ್ಲ. ಪೂಜೆ ಮಾಡುವ ಬಾಯಲ್ಲಿ ಬೇಡ ಮಗ ಎಂದು ಅವರ ತಾಯಿ ಚಿಕ್ಕಂದಿನಲ್ಲಿ ಹೇಳಿದ್ದರು. ಅದು ಹಾಗೇ ನಿಂತುಬಿಟ್ಟಿತ್ತು. ಆ ಸಭೆಯಲ್ಲೂ ಅವರು "ಕೆರೆಯೊಳಗಿನವು" ಎಂದಿದ್ದನ್ನು ಕಾರ್ಯದರ್ಶಿ ತಿದ್ದಿ ಬರೆದುಕೊಂಡಿದ್ದ. ತನ್ನ ಬಾಯಲ್ಲಿ ಬರದ ಮಾತನ್ನೇ ಬೇಲಿ ಮಾಡಿಕೊಂಡರೆ ಗದ್ದೆಗೆ ಯಾರೂ ನುಗ್ಗುವಂತಿಲ್ಲ ಎಂಬುದು ಅವರ ಎಣಿಕೆ.

ಈಗ ಬೇಲಿಯೊಳಗೆ ನಾಲ್ಕು ಕ್ವಿಂಟಾಲ್ ಕಾಟ್ಲಾ.

ಲಕ್ಷ್ಮಿದೇವಿ ಕಾಲನ್ನು ಬದುವಿಗೇ ಇಳಿಸಿದಳು. "ಯಜಮಾನ್ರೇ, ನಾನು ಮುಟ್ಟಂಗಿಲ್ಲ. ಅವು ನಿಮ್ಮವು."

"ನನ್ನವು?" ಮಹದೇವಪ್ಪ ಹಾವು ತುಳಿದವರಂತೆ ಹಿಂದೆ ಸರಿದರು. "ನನಗ್ಯಾಕವ್ವಾ? ತಕಂಡೋಗು ಅಂತ ಯೋಳ್ತಾ ಇವ್ನಲ್ಲ!"

"ಏನ ತಕಂಡೋಗ್ಲಿ? ಹೆಸರು ಯೋಳ್ಬೇಕು."

"ಅವನ್ನ!"

"ಯಾವುವು ಯಜಮಾನ್ರೇ?"

"ಅದೇ ಕಣವ್ವ, ಕುಣೀತಾ ಅವಲ್ಲ, ಅವು!"

ಅಷ್ಟು ಹೊತ್ತಿಗೆ ಸುದ್ದಿ ಊರೆಲ್ಲಾ ಹರಡಿತ್ತು. ಮಂಕರಿ, ಬಕೀಟು, ಸೊಳ್ಳೆಪರದೆ ಹಿಡಿದವರು ಬದುವಿನುದ್ದಕ್ಕೂ ನಿಂತಿದ್ದರು. ಯಾರೋ ಹಳೆಯ ಹೆಲ್ಮೆಟ್ ತಂದಿದ್ದರು. ಷರತ್ತು ಎಲ್ಲರಿಗೂ ಗೊತ್ತು. ಒಬ್ಬರೂ ಇಳಿಯಲಿಲ್ಲ, ಒಬ್ಬರೂ ಮನೆಗೂ ಹೋಗಲಿಲ್ಲ.

ಮರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಊರಿನಲ್ಲಿ ಅವಳ ಬಾಯಿಗೆ ಅಂಜದವರಿಲ್ಲ. "ಯೋಳ್ಬುಡಿ ಬುದ್ಧಿ. ಎರಡೇ ಅಕ್ಷರ. ನನ್ ಮೊಮ್ಮಗಳು ಅಂಗನವಾಡೀಲಿ ಯೋಳ್ತಾಳೆ."

"ಬರ್ದು ಕೊಡ್ತೀನಿ. ಪೇಪರ್ ತಕಂಬಾ ರೂಪಾ!"

"ಬಾಯಿಬಿಟ್ಟು ಅಂತೈತೆ," ಎಂದ ಕುಳ್ಳಯ್ಯ ಗಂಭೀರವಾಗಿ. "ಬರ್ದು ಅಂತಿಲ್ಲ."

"ರೂಪಾನೇ ಯೋಳ್ತಾಳೆ ನನ್ ಪರವಾಗಿ."

ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ನಿಂತಿದ್ದ ರೂಪಶ್ರೀ ಮಲ್ಲಿಗೆ ಮುಡಿದ ತಲೆ ಅಲ್ಲಾಡಿಸಿದಳು. "ಗದ್ದೆ ಪಹಣಿ ನಿಮ್ಮ ಹೆಸರಲ್ಲೈತೆ ಅಪ್ಪಾಜಿ." ನಗು ತಡೆಯಲಾರದೆ ಕಂಬದ ಹಿಂದೆ ಹೋದಳು.

ಮಹದೇವಪ್ಪ ಕಣ್ಣು ಮುಚ್ಚಿದರು. ಗಂಟಲು ಸರಿಮಾಡಿಕೊಂಡರು. ಊರಿಗೆ ಊರೇ ಕತ್ತು ಮುಂದೆ ಚಾಚಿತು.

"ಫಿಶ್ಶು," ಎಂದರು.

ಬದುವಿನ ಮೇಲೆ ನಗು ಎದ್ದ ರಭಸಕ್ಕೆ ಹೆಲ್ಮೆಟ್ಟಿನವನು ಜಾರಿ ಕಾಲುವೆಗೆ ಬಿದ್ದ. ಕುಳ್ಳಯ್ಯನಿಗೆ ನಗುವೂ ಕೆಮ್ಮೂ ಒಟ್ಟಿಗೆ ಬಂದು ನಿಂಗರಾಜು ಬೆನ್ನು ಗುದ್ದಬೇಕಾಯಿತು. ಮಹದೇವಪ್ಪನವರಿಗೂ ಮೀಸೆಯ ಕೆಳಗೆ ನಗು ಬಂದಿತ್ತು. ಇಂಗ್ಲೀಷಿನಲ್ಲಿ ಹೇಳಿದರೆ ವಾಸನೆ ಬರುವುದಿಲ್ಲವೆಂದು ಅವರಿಗೆ ನಿಜಕ್ಕೂ ಅನಿಸಿತ್ತು.

"ಆಗಕಿಲ್ಲ, ಆಗಕಿಲ್ಲ," ಎಂದ ಸಣ್ಣಬೀರಯ್ಯ ಮೊಬೈಲು ಇಳಿಸದೆ. "ಷರತ್ತು ಕನ್ನಡದಲ್ಲೈತೆ. ಪಂಚಾಯ್ತೀಲಿ ತೋರಿಸ್ತೀನಿ."

ಲಕ್ಷ್ಮಿದೇವಿ ನಕ್ಕಳು. ನಗುತ್ತಲೇ ಗದ್ದೆ ನೋಡಿದಳು. ಕುಣಿತ ಮೊದಲಿನಷ್ಟಿರಲಿಲ್ಲ. ಕೆಲವು ಮೀನು ಬಾಯಿ ಮೇಲೆ ಮಾಡಿ ಗಾಳಿ ಗುಟುಕರಿಸುತ್ತಿದ್ದವು. ಬಿಸಿಲು ಮೋಡದಿಂದ ಹೊರಗೆ ಬಂದಿತ್ತು. ಸತ್ತ ಮೀನಿಗೆ ಕೊಪ್ಪದಲ್ಲಿ ಯಾರು ಬೆಲೆ ಕೊಡುತ್ತಾರೆ? ಬೂದು ಬಣ್ಣದ ಟಿವಿಎಸ್ ಬೆಟ್ಟದಪುರದ ಕಡೆ ತಿರುಗಿ ಹೊರಟಂತೆ ಅವಳಿಗೆ ಕಂಡಿತು.

"ಯಜಮಾನ್ರೇ," ಎಂದಳು, ಈ ಸಲ ತಮಾಷೆ ಇಲ್ಲದೆ. "ನಿಮ್ ನೇಮ ಕೆಡಿಸ್ಬೇಕು ಅಂತ ನಂಗೇನೂ ಆಸೆ ಇಲ್ಲ. ಕಾಲಿಟ್ರೆ ಕೆರೆ ಓಯ್ತದೆ. ಇಡದಿದ್ರೆ ಇವು ಓಯ್ತವೆ. ನಾನೇನ್ ಮಾಡ್ಲಿ ನೀವೇ ಯೋಳಿ."

ಮಹದೇವಪ್ಪ ಏನೋ ಹೇಳಲು ಬಾಯಿ ತೆರೆದರು. ಆಗಲೇ ಮನೆಯ ಮುಂದೆ ಬಿಳಿ ಬೊಲೆರೊ ಬಂದು ನಿಂತಿತು. ಸರಗೂರಿನವರು ಮುಕ್ಕಾಲು ಗಂಟೆ ಮುಂಚಿತವಾಗಿ ಬಂದಿದ್ದರು.

ಮೊದಲು ಇಳಿದದ್ದು ಗಂಡಿನ ಅಜ್ಜಿ. ಗದ್ದೆಯ ಸುತ್ತ ಇನ್ನೂರು ಜನ, ಕೈಯಲ್ಲಿ ಬಕೀಟು ಕಂಡು, "ಇಷ್ಟೊಂದು ಜನ ಕರ್ಸವ್ರಲ್ಲಪ್ಪಾ! ಊಟಕ್ಕೆ ಪಾತ್ರೆ ಅವ್ರೇ ತಂದವ್ರಾ?" ಎಂದು ಮೆಚ್ಚಿದರು. ಆಮೇಲೆ ಇಳಿದವನು ಹುಡುಗ ಶಿವಶಂಕರ್. ಬಿಳಿ ಅಂಗಿ, ಇಸ್ತ್ರಿಯ ಪ್ಯಾಂಟು. ಹುಡುಗ ಎಚ್.ಡಿ. ಕೋಟೆ ಕಡೆ, ಕಬಿನಿ ಹತ್ತಿರ ಸರ್ಕಾರಿ ಕೆಲಸದಲ್ಲಿದ್ದಾನೆ ಎಂದು ಮದುವೆ ದಲ್ಲಾಳಿ ಹೇಳಿದ್ದ. ಅಣೆಕಟ್ಟಿನ ಇಂಜಿನಿಯರೇ ಇರಬೇಕೆಂದು ಮಹದೇವಪ್ಪ ತಾವೇ ತೀರ್ಮಾನಿಸಿ, ನೆಂಟರಿಗೆಲ್ಲ ಹಾಗೇ ಹೇಳಿಕೊಂಡು ಬಂದಿದ್ದರು.

ಇಂಜಿನಿಯರ್ ನೇರವಾಗಿ ಬದುವಿಗೆ ಬಂದ. ಭಾವೀ ಮಾವನಿಗೆ ಕೈ ಮುಗಿಯುವುದನ್ನೂ ಮರೆತು ಗದ್ದೆಯನ್ನೇ ನೋಡಿದ.

"ಕಾಟ್ಲಾ," ಎಂದ. "ಎರಡೂವರೆ ಕೆ.ಜಿ. ಸರಾಸರಿ. ಬಿತ್ತನೆ ಮರಿ ಎಲ್ಲಿಂದ ತಂದಿದ್ರಿ?"

ಜನರೆಲ್ಲ ಮಹದೇವಪ್ಪನವರ ಮುಖದ ಕಡೆ ತಿರುಗಿದರು.

"ಕಬಿನಿ ಡ್ಯಾಮ್ ಹತ್ರ, ಮರಿ ಸಾಕಣೆ ಕೇಂದ್ರದಿಂದ," ಎಂದಳು ಲಕ್ಷ್ಮಿದೇವಿ.

ಅವನ ಮುಖ ಅರಳಿತು. "ನಮ್ದೇ! ಈ ಬ್ಯಾಚು ನಾನೇ ಎಣಿಸಿ ಕವರಿಗೆ ತುಂಬಿದ್ದು!"

ಮಹದೇವಪ್ಪ ಪಕ್ಕದಲ್ಲಿದ್ದ ಕುಳ್ಳಯ್ಯನ ಭುಜ ಹಿಡಿದುಕೊಂಡರು. "ನೀವು... ನೀರಾವರಿ ಇಲಾಖೆ ಅಲ್ವ್ರಾ?"

"ಅಲ್ಲ ಮಾವ, ಮೀನುಗಾರಿಕೆ," ಎಂದ ಶಿವಶಂಕರ್, ಅಷ್ಟೇ ಸಲೀಸಾಗಿ. ಅವನ ಹಣೆಯ ಮೇಲೂ ವಿಭೂತಿ ಇತ್ತು. ಅಷ್ಟರಲ್ಲಿ ಅವನ ಕಣ್ಣು ಮತ್ತೆ ಗದ್ದೆಗೆ ಹೋಯಿತು. "ಅಯ್ಯೋ, ಯಾಕೆ ನೋಡ್ತಾ ನಿಂತಿದೀರಿ? ಉಸಿರು ಕಟ್ತಾ ಇದೆ ಅವಕ್ಕೆ. ಇನ್ನು ಕಾಲು ಗಂಟೆ ಬಿಟ್ರೆ ಒಂದೂ ಉಳಿಯಲ್ಲ. ಈ ಬಿಸಿಲಿಗೆ ಇಲ್ಲೇ ಕೊಳೆತರೆ ಮಾವ, ದೀಪಾವಳಿವರೆಗೂ ನಿಮ್ಮ ಮನೆ ಬಾಗಿಲು ತೆಗೆಯಕ್ಕಾಗಲ್ಲ."

ಮಹದೇವಪ್ಪ ಗದ್ದೆ ನೋಡಿದರು, ಮನೆ ನೋಡಿದರು, ಹುಡುಗನ ಹಣೆಯ ವಿಭೂತಿ ನೋಡಿದರು. ಕೊನೆಗೆ ಲಕ್ಷ್ಮಿದೇವಿಯನ್ನು ನೋಡಿದರು. ಅವಳು ಒದ್ದೆ ಸೆರಗನ್ನು ಎರಡು ಕೈಯಲ್ಲಿ ಹಿಂಡುತ್ತಾ ನಿಂತಿದ್ದಳು. ಹಿಂಡಲು ನೀರು ಮುಗಿದಿತ್ತು, ಇನ್ನೂ ಹಿಂಡುತ್ತಿದ್ದಳು.

ಅವರು ಕೊರಳ ಲಿಂಗಕ್ಕೆ ಕೈ ಇಟ್ಟರು. ಆಮೇಲೆ ಊರು ಹಿಂದೆಂದೂ ಕೇಳದ ಗಟ್ಟಿ ದನಿಯಲ್ಲಿ ಹೇಳಿದರು:

"ಮೀನು! ಮೀನು ಕಣವ್ವಾ! ಈ ಮೀನೆಲ್ಲಾ ನಿನ್ನವು ಲಕ್ಷ್ಮೀ, ಇಡ್ಕೋ! ಬೀರಯ್ಯಾ, ಇಡಿಯೋದಲ್ಲಿ ಬಂತೇನ್ಲಾ? ಇನ್ನೊಂದ್ಸಲ ಯೋಳ್ಲಾ? ಮೀನೂ!"

ಲಕ್ಷ್ಮಿದೇವಿ ಗದ್ದೆಗೆ ಧುಮುಕಿದಳು.

ಆಮೇಲೆ ಯಾರು ಯಾವಾಗ ಇಳಿದರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪ್ಯಾಂಟು ಮಡಿಸಿ ಲಕ್ಷ್ಮಿದೇವಿಯ ಹಿಂದೆಯೇ ಇಳಿದ ಶಿವಶಂಕರ್ ಮಾತ್ರ ಎಲ್ಲರಿಗೂ ಕಂಡಿದ್ದ. "ಇರೋ ನೀರು ಹೊರಗೆ ಬಿಡಬೇಡಿ, ಮೇಲಿನ ಗಂಡಿ ತೆಗೀರಿ, ಹೊಸ ನೀರು ಬರಲಿ!" ಎಂದು ಕೂಗುತ್ತಿದ್ದ. ಕುಳ್ಳಯ್ಯ ಓಡಿಹೋಗಿ ಮೇಲಿನ ಬದುವಿನ ಗಂಡಿ ತೆಗೆದ. ಮಾರಾಟಕ್ಕೆಂದು ಬದುವಿನ ಮೇಲೆ ಪೇರಿಸಿದ್ದ ಮಹದೇವಪ್ಪನವರ ಸಿಲ್ವರ್ ಓಕ್ ಮರದ ತುಂಡುಗಳನ್ನು ನಿಂಗರಾಜು ಎರಡೆರಡರಂತೆ ಹೊತ್ತು ತಂದು, ನಾಟಿಗೆ ಸಸಿ ಬೆಳೆಸಿದ್ದ ಒಟ್ಲು ತುಳಿಯದಂತೆ ಅಡ್ಡ ಹಾಕಿದ. ಮಹದೇವಪ್ಪ ಬದುವಿನ ಮೇಲಿಂದ ಒಂದಿಂಚೂ ಇಳಿಯದೆ ಇಡೀ ಯುದ್ಧ ನಡೆಸಿದರು. "ಅಲ್ಲೊಂದು ಮೀನು! ಲೇ ಹೆಲ್ಮೆಟ್ಟು, ನಿನ್ ಕಾಲ್ ಸಂದೀಲೇ ಮೀನು!" ಅರವತ್ತೆರಡು ವರ್ಷ ಕೂಡಿಟ್ಟಿದ್ದ ಮಾತು ಒಂದೇ ದಿನ ಖರ್ಚಾಗುತ್ತಿತ್ತು.

ಸಣ್ಣಬೀರಯ್ಯ ಇನ್ನೂ ಹತ್ತಿರದಿಂದ ತೆಗೆಯಲು ಹೋಗಿ ಮೊಬೈಲಿನ ಸಮೇತ ಕೆಸರಿಗೆ ಬಿದ್ದ. ಎಬ್ಬಿಸಲು ಬಂದ ಮರಮ್ಮ ಮೊದಲು ಅವನ ಪಕ್ಕದ ಮೀನನ್ನು ಎತ್ತಿದಳು, ಆಮೇಲೆ ಅವನನ್ನು.

ಶಿವಶಂಕರ್ ಮೂರು ಕೆ.ಜಿ.ಯ ಕಾಟ್ಲಾವನ್ನು ಕೂಸಿನಂತೆ ಎದೆಗವಚಿಕೊಂಡು ಬದು ಹತ್ತಿದಾಗ ಎದುರಿಗೆ ರೂಪಶ್ರೀ ನಿಂತಿದ್ದಳು. ಅವಳ ಕೈಯಲ್ಲಿ ಕಾಫಿಯ ಬದಲು ಖಾಲಿ ಕೊಡವಿತ್ತು.

"ಇದಕ್ಕೆ ಹಾಕಿ," ಎಂದಳು. "ಕಾಫಿ ಆಮೇಲೆ ಕೊಡ್ತೀನಿ. ಕೈ ತೊಳ್ಕೊಂಡ್ ಬನ್ನಿ, ಎರಡು ಸಲ."

ಅಜ್ಜಿ ಬೊಲೆರೊದ ಬಾಗಿಲಲ್ಲೇ ಕೂತು, "ಹುಡುಗಿ ಒಪ್ಪಿದ್ಲು, ಬುಡ್ರಪ್ಪ. ನಮ್ ಕೆಲ್ಸ ಆಯ್ತು," ಎಂದರು.

ಮೂರು ಕ್ವಿಂಟಾಲಿಗೆ ಮೇಲೆ ಜೀವಂತ ಸಿಕ್ಕಿತು. ಊರಿಗೆ ಮನೆಗೊಂದರಂತೆ ಕೊಟ್ಟರು. ಉಳಿದದ್ದನ್ನು ಕೊಪ್ಪಕ್ಕೆ ಸಾಗಿಸುವುದು ಹೇಗೆ? ನಿಂಗರಾಜು ಹುಣಸೂರಿನ ಗೆಳೆಯನಿಗೆ ಫೋನು ಮಾಡಿದ. ಮಳೆಯಿಂದ ಲೋಡು ಇಲ್ಲದೆ ನಿಂತಿದ್ದ ಟಿಂಬರ್ ಲಾರಿ ಬಂತು. ಸಾಗುವಾನಿ ದಿಮ್ಮಿ ಹೊರುವ ಆ ಲಾರಿಯಲ್ಲಿ ಟಾರ್ಪಾಲು ಹಾಸಿ, ನೀರು ತುಂಬಿ, ಮೀನು ಬಿಟ್ಟರು. ಕ್ಯಾಬಿನ್ನಿನಲ್ಲಿ ಕೂತ ಲಕ್ಷ್ಮಿದೇವಿ ಕೊಪ್ಪ ಬರುವವರೆಗೂ ಡ್ರೈವರನ ಕಡೆಗೆ ಕೈ ಚಾಚಿ ಹಾರ್ನ್ ಒತ್ತುತ್ತಲೇ ಇದ್ದಳು. ಅವನು ಬೇಡ ಎನ್ನಲಿಲ್ಲ. ಕೊಪ್ಪದ ಪೇಟೆಯಲ್ಲಿ ಅವಳೇ ತಕ್ಕಡಿ ಹಿಡಿದಳು, ಅವಳೇ ದರ ಹೇಳಿದಳು. ಮಲಯಾಳಿ ಹೋಟೆಲಿನವನು ಚೌಕಾಸಿಗೆ ಇಳಿದಾಗ, "ಇದು ಗದ್ದೇಲಿ ಕುಣಿದು ಬಂದ ಮೀನು ಕಣಣ್ಣ, ಇದರ ರೇಟೇ ಬ್ಯಾರೆ," ಎಂದಳು. ಸಂಜೆ ನಾಲ್ಕಕ್ಕೆ ಟಾರ್ಪಾಲಿನಲ್ಲಿ ನೀರು ಮಾತ್ರ ಉಳಿದಿತ್ತು.

ಸೋಮವಾರ ಸಂಜೆ ಐದು ಗಂಟೆಗೆ ಬೂದು ಬಣ್ಣದ ಟಿವಿಎಸ್ ಕಟ್ಟೆಕೊಪ್ಪಲಿಗೆ ಬಂತು. ಕಂಪಲಾಪುರದಿಂದ ಓಡಿಸಿಕೊಂಡು ಬಂದವನು ನಿಂಗರಾಜು. ಏರಿಯ ಮೇಲೆ ಅವನನ್ನು ಇಳಿಸಿ ಲಕ್ಷ್ಮಿದೇವಿ ಹತ್ತಿ ಕೂತಳು. ಗಾಡಿ ಓಡಿಸುವುದನ್ನು ಅವಳು ಮನಸ್ಸಿನಲ್ಲಿ ನೂರು ಸಲ ಮಾಡಿದ್ದಳು. ಮನಸ್ಸಿನಲ್ಲಿ ಒಮ್ಮೆಯೂ ನಿಲ್ಲಿಸಿರಲಿಲ್ಲ.

ಎಕ್ಸಲರೇಟರ್ ತಿರುಗಿಸಿದಳು. ಗಾಡಿ ಹೊರಟಿತು. ಏರಿ ಮುಗಿಯಿತು, ಇಳಿಜಾರು ಬಂತು. ಕುಳ್ಳಯ್ಯ ಎರಡು ಚಪ್ಪಲಿಯನ್ನೂ ಬಿಟ್ಟು ಪಕ್ಕಕ್ಕೆ ಹಾರಿದ. ಎದುರಿಗೆ, ಕೆಸರನ್ನು ಮತ್ತೆ ಮಟ್ಟ ಮಾಡಿಸಿ ನಾಳೆಯ ನಾಟಿಗೆ ಸಿದ್ಧವಾಗಿದ್ದ ಎರಡು ಎಕರೆ. ಬದುವಿನ ಮೇಲೆ ಮಹದೇವಪ್ಪ.

"ಯಜಮಾನ್ರೇ!" ಲಕ್ಷ್ಮಿದೇವಿ ನಗುತ್ತಲೇ ಕಿರುಚಿದಳು. "ಗದ್ದೆಗೆ ಬತ್ತಾ ಇವ್ನಿ! ಬಿರ್ರನೆ ಒಪ್ಪಿಗೆ ಕೊಡ್ರೀ!"

"ಬ್ರೇಕು ಇಡಿಯೇ, ಮೀನಿನ್ ಲಕ್ಷ್ಮೀ, ಬ್ರೇಕು!" ಎಂದು ಕೂಗುತ್ತಾ ಮಹದೇವಪ್ಪ ಪಂಚೆ ಎತ್ತಿ ಹಿಡಿದು ದಾರಿ ಬಿಟ್ಟರು.